ತೂತಿಲ್ಲದ ಕುಂಡ

ಮೂರನೇ ಕುಂಡದ ತೂತಿಗೆ ಮೇಣ ತೊಟ್ಟಿಕ್ಕುತ್ತಿರುವಾಗ ಹೊರಗೆ ಕಾರಿನ ಸದ್ದಾಯಿತು. ಅನಸೂಯಮ್ಮ ಬತ್ತಿಯನ್ನು ಊದಿ ಆರಿಸಿದರು. ಸೊಸೆಯಲ್ಲ, ಪಕ್ಕದ ಮನೆಯವರು. ಮತ್ತೆ ಹೊತ್ತಿಸಿ ನಾಲ್ಕನೆಯದನ್ನೂ ಮುಗಿಸಿದರು. ಮೇಣ ಕಾಣದಂತೆ ಒಂದೊಂದು ಹಿಡಿ ಜಲ್ಲಿ ಹರಡಿದರು.

ಕಿತ್ತೆಸೆದರೆ ಜಗಳವಾಗುತ್ತದೆ. ಗಿಡ ತಾನಾಗಿ ಸತ್ತರೆ ಯಾರೂ ಯಾರನ್ನೂ ಕೇಳುವುದಿಲ್ಲ.

ಅದು ಗಾಂಜಾ ಎಂದು ನೋಡಿದೊಡನೆ ತಿಳಿದಿತ್ತು. ಮೈಸೂರಿನ ಮನೆಯ ಹಿಂದೆ, ಪಾಳು ನಿವೇಶನದಲ್ಲಿ ಬೆಳೆದಿದ್ದನ್ನು ಪೊಲೀಸರು ಕಿತ್ತು ಸುಟ್ಟಿದ್ದರು. ಅದೇ ಬೆರಳು ಬಿಡಿಸಿದಂಥ ಎಲೆ, ಅದೇ ವಾಸನೆ. ಈಗ ಅಮೆರಿಕದ ಬಾಥೆಲ್‌ನಲ್ಲಿ, ಮಗನ ಗ್ಯಾರೇಜಿನಲ್ಲಿ, ಮೊಸರಿನ ಡಬ್ಬಿಗಳೊಳಗೆ ನಾಲ್ಕು ಗಿಡ. ಸೊಸೆ ಜಾಹ್ನವಿ ಆಫೀಸಿನ ಗೆಳತಿಯಿಂದ ತಂದದ್ದು.

"ಏನೇ ಇದು?" ಎಂದು ಅಂದೇ ಕೇಳಿದ್ದರು.

"ಔಷಧಿ ಗಿಡ, ಅತ್ತೆ."

"ಯಾರಿಗೆ ಔಷಧಿ?"

ಜಾಹ್ನವಿ ತಡೆದು ಹೇಳಿದಳು. "ನನಗೇ. ತಲೆನೋವಿಗೆ."

ಮಗ ಗುರುಪ್ರಸಾದ್ ತಾಯಿಯ ಮುಖ ನೋಡಲಿಲ್ಲ. "ಸರ್ಕಾರಾನೇ ಬಿಟ್ಟಿದೆಯಮ್ಮ. ಡಾಕ್ಟರ್ ಪೇಪರ್ ಇದೆ, ನೋಡು," ಎಂದು ಗೋಡೆಗೆ ಅಂಟಿಸಿದ್ದ ಕಾಗದ ತೋರಿಸಿದ. ಇಂಗ್ಲಿಷಿನಲ್ಲಿತ್ತು. ಅನಸೂಯಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ.

"ಗಾಂಜಾಕ್ಕೆ ಲೈಸೆನ್ಸ್ ಬೇರೆ! ಚೆನ್ನಾಗಿದೆ ಕಣೋ ನಿಮ್ಮ ದೇಶ."

ಮಗನಿಗೆ ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿ ಗೊತ್ತಾದರೆ? ಮನೆಗೆ ಬಂದ ದೇವಸ್ಥಾನದವರು ಮೂಗರಳಿಸಿದರೆ? ಹೆಂಡತಿಯ ಚಟಕ್ಕೆ ಗಂಡನ ಬಾಳು ಬಲಿಯಾಗುವುದನ್ನು ನೋಡುತ್ತ ಕೂರಲು ಅವರು ಸಿದ್ಧರಿರಲಿಲ್ಲ.

ಚಟವೆನ್ನುವುದರಲ್ಲಿ ಅನುಮಾನವೂ ಉಳಿದಿರಲಿಲ್ಲ. ಗ್ಯಾರೇಜಿಗೆ ಹೋಗಿ ಬಂದಾಗಲೆಲ್ಲ ಜಾಹ್ನವಿಯ ಕಣ್ಣು ಕೆಂಪಾಗಿರುತ್ತಿತ್ತು. ಗಿಡ ಗೇಣುದ್ದ ಇರುವಾಗಲೇ ಹೀಗೆ. ಬೆಳೆದ ಮೇಲೆ?

ಒಂದು ಸಂಜೆ ಅವಳು ಗೆಳತಿಯೊಡನೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಅಂಗಡೀದು ಬೇಡ ಕಣೇ. ಕುಕ್ಕೀಸ್ ಅಂದ್ರೆ ಎಲ್ಲದ್ರಲ್ಲೂ ಮೊಟ್ಟೆ. ನಾನೇ ತುಪ್ಪದಲ್ಲಿ ಕಾಯಿಸಿ ಮಾಡ್ತೀನಿ."

ಅನಸೂಯಮ್ಮ ಮನಸ್ಸಿನಲ್ಲೇ ನಕ್ಕರು. ಭಾನುವಾರ ತಪ್ಪದೆ ಆಮ್ಲೆಟ್ ತಿನ್ನುವವಳಿಗೆ ಗಾಂಜಾದಲ್ಲಿ ಮಾತ್ರ ಮಡಿ!

ಕುಂಡದ ಮಾತನ್ನು ಜಾಹ್ನವಿಯೇ ಎತ್ತಿದ್ದಳು. ಜೀವಮಾನದಲ್ಲಿ ಒಂದು ಕರಿಬೇವನ್ನೂ ಬೆಳೆಸಿದವಳಲ್ಲ. "ಅತ್ತೆ, ಈ ಬಟ್ಟೆ ಚೀಲ ಒಳ್ಳೇದಂತೆ. ಬೇರಿಗೆ ಗಾಳಿ ಆಡತ್ತಂತೆ."

"ಚೀಲದಲ್ಲಿ ಯಾರಾದ್ರೂ ಗಿಡ ನೆಡ್ತಾರೇನೇ? ವಾಪಸ್ ಕೊಡು. ದೊಡ್ಡ ಕುಂಡ ತಗೊಂಡ್ಬಾ, ಎಲ್ಲಕ್ಕಿಂತ ದೊಡ್ಡದು."

"ನಿಮ್ಮ ಕೈಗುಣ ನನಗೆ ಗೊತ್ತಿಲ್ವಾ," ಎಂದು ಜಾಹ್ನವಿ ಚೀಲಗಳನ್ನು ಹಿಂದಿರುಗಿಸಿದಳು. ಎಳೆಗಿಡವನ್ನು ಒಮ್ಮೆಲೇ ದೊಡ್ಡ ಕುಂಡಕ್ಕಿಟ್ಟರೆ ಮಣ್ಣು ಆರುವುದಿಲ್ಲ, ಬೇರು ಕೊಳೆಯುತ್ತದೆ. ನಲವತ್ತು ವರ್ಷ ಅಂಗಳ ತುಂಬ ಕುಂಡ ಸಾಕಿದ ಅನಸೂಯಮ್ಮನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಮಣ್ಣಿನ ಮೂಟೆಯೊಂದಿಗೆ ಜಾಹ್ನವಿ ಬಂದಳು. ಇಬ್ಬರೂ ನೆಲದ ಮೇಲೆ ಕುಳಿತರು. ಡಬ್ಬಿಯನ್ನು ಬೋರಲು ಹಿಡಿದು, ಬುಡ ತಟ್ಟಿ, ಮಣ್ಣಿನ ಗಡ್ಡೆ ಒಡೆಯದಂತೆ ಅಂಗೈಗೆ ಇಳಿಸಿಕೊಳ್ಳಬೇಕು.

"ಕಾಂಡ ಹಿಡಿದು ಎಳಿ," ಎಂದರು ಅನಸೂಯಮ್ಮ. "ಹಳೇ ಮಣ್ಣೆಲ್ಲ ಕೊಡವು. ಹೊಸ ಮಣ್ಣು ಹತ್ತಬೇಕಲ್ಲ."

ದಾರದಂಥ ಬಿಳಿ ಬೇರುಗಳು ಕಿತ್ತು ಬಂದವು.

"ಇಷ್ಟು ಬೇರು ಹೋದ್ರೆ ಪರವಾಗಿಲ್ವಾ ಅತ್ತೆ?"

"ಹೋದಷ್ಟೂ ಚಿಗುರತ್ತೆ. ದಿನಾ ಎರಡು ಚೊಂಬು ನೀರು ಹಾಕು."

ಜಾಹ್ನವಿ ಅದನ್ನು ಫೋನಿನಲ್ಲಿ ಬರೆದುಕೊಂಡಳು. "ದೀಪಾವಳಿ ಹೊತ್ತಿಗೆ ಹೂ ಬಿಡಬಹುದಾ?"

"ಅಷ್ಟೊಂದು ಅವಸರವೇನೇ ನಿನಗೆ?"

ಅತ್ತೆಯ ಬಳೆ ಮೊಣಕೈತನಕ ಜಾರಿತ್ತು. ಜಾಹ್ನವಿ ಅದನ್ನು ಮಣ್ಣಿನ ಬೆರಳಿಂದಲೇ ಮಣಿಕಟ್ಟಿಗೆ ತಂದಳು.

"ಮಣ್ಣಾಗತ್ತೆ, ಬಿಡು," ಎಂದು ಅನಸೂಯಮ್ಮ ಕೈ ಎಳೆದುಕೊಂಡರು.

ಹನ್ನೆರಡು ದಿನಕ್ಕೆ ಎಲೆ ಹಳದಿಯಾಯಿತು. ಹದಿನಾರಕ್ಕೆ ಕಾಂಡ ಬಾಗಿತು. ಜಾಹ್ನವಿ ಮತ್ತಷ್ಟು ನೀರು ಹಾಕಿದಳು. ಮೂರನೇ ವಾರ ನಾಲ್ಕೂ ಗಿಡ ಕೆಸರಿನಲ್ಲಿ ಮಲಗಿದವು. ಅವಳು ಗ್ಯಾರೇಜಿನ ಸಿಮೆಂಟಿನ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು.

ಚಟ ಎಷ್ಟು ಆಳಕ್ಕಿಳಿದಿದೆಯೆಂದು ಅನಸೂಯಮ್ಮನಿಗೆ ಆಗ ತಿಳಿಯಿತು. "ಗಿಡಕ್ಕೆ ಯಾರಾದ್ರೂ ಹೀಗೆ ಅಳ್ತಾರೇನೇ? ಬೇಕಿದ್ರೆ ಮತ್ತೆ ಹಾಕ್ಕೋ."

"ಟೈಮ್ ಇಲ್ಲ, ಅತ್ತೆ."

ಅಂದು ಅವರು ನೆಮ್ಮದಿಯಿಂದ ಊಟಕ್ಕೆ ಕುಳಿತರು. ಮಗನ ಮನೆ ಉಳಿದಿತ್ತು. ಆದರೆ ನಾಲ್ಕು ತುತ್ತಿಗೇ ಸಾಕಾಯಿತು. ಈ ಊರಿನ ಅಕ್ಕಿಯೇ ಗ್ಯಾಸು.

ಅಕ್ಟೋಬರಿನಲ್ಲಿ ಹೊಟ್ಟೆ ತೋರಿಸಲು ಮತ್ತೆ ಆಸ್ಪತ್ರೆಗೆ ಹೋದರು. ಪ್ರತಿ ಸಲವೂ ವೈದ್ಯರು ಹೇಳಿದ್ದನ್ನು ಗುರುಪ್ರಸಾದನೇ ಕನ್ನಡಕ್ಕೆ ತಿರುಗಿಸುತ್ತಿದ್ದ: ಬರೀ ಹುಣ್ಣಮ್ಮ, ವಾಸಿಯಾಗತ್ತೆ. ಅಂದು ಗಂಡ ಹೆಂಡತಿ ಇಬ್ಬರೂ ಕೆಳಗೆ ಯಾವುದೋ ಕಾಗದ ತುಂಬುತ್ತಿದ್ದರು. ಹೊಸ ಡಾಕ್ಟರು ಕಾಯಲಿಲ್ಲ. ಮೇಜಿನ ಮೇಲಿನ ಫೋನಿನ ಗುಂಡಿ ಒತ್ತಿದರು.

"ನಮಸ್ಕಾರ ಅಮ್ಮ," ಎಂದಿತು ಹೆಣ್ಣು ದನಿ. "ನಾನು ದುಭಾಷಿ. ಡಾಕ್ಟರ್ ಹೇಳಿದ್ದನ್ನ ಹಾಗೇ ಕನ್ನಡದಲ್ಲಿ ಹೇಳ್ತೀನಿ."

"ಅಯ್ಯೋ, ಕನ್ನಡದವಳೇನಮ್ಮ! ಯಾವೂರು ನಿಂದು?"

"ಅದೆಲ್ಲ ನಾವು ಮಾತಾಡೋ ಹಾಗಿಲ್ಲ ಅಮ್ಮ."

ಅನಸೂಯಮ್ಮ ಖುಷಿಯಿಂದ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆಳೆದುಕೊಂಡರು. ಡಾಕ್ಟರು ನಗುಮುಖದಿಂದ ಏನನ್ನೋ ಕೇಳಿದರು.

"ಡಾಕ್ಟರ್ ಕೇಳ್ತಿದಾರೆ ಅಮ್ಮ: ನಿಮ್ಮ ಕ್ಯಾನ್ಸರ್ ನೋವು ಕಡಿಮೆಯಾಗಿ ನೀವು ನಾಲ್ಕು ತುತ್ತು ಜಾಸ್ತಿ ಊಟ ಮಾಡ್ಲಿ ಅಂತ ಸೊಸೆ ಗಿಡ ಬೆಳೆಸ್ತಿದ್ರಂತಲ್ಲ, ಅವು ಹೂ ಬಿಟ್ವಾ?"