ದೊರೆಗೆ ಬಂದ ಕಾಯಿಲೆ

"ನಿಜ ಹೇಳು, ನೀರಿಗೆ ಏನು ಹಾಕ್ದೆ?"

ಅಂಗೈ ಅಗಲದ ಕಿತ್ತಳೆ ಬಣ್ಣದ ಮೀನು ಗಾಜಿನ ತೊಟ್ಟಿಯ ತಳದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಔಷಧಿ ಅಂಗಡಿಯವನು ಮೊಣಕೈವರೆಗೆ ಕೈ ಇಳಿಸಿ ಅದನ್ನು ಮೆಲ್ಲಗೆ ನೆಟ್ಟಗೆ ನಿಲ್ಲಿಸಿದ. ಬಿಟ್ಟ ತಕ್ಷಣ ಮತ್ತೆ ವಾಲಿತು.

"ನಾನ್ಯಾಕೆ ಹಾಕ್ಲಿ? ಅದರ ಊಟ, ಉಪಚಾರ ಎಲ್ಲ ನಿಮ್ದೇ ತಾನೆ," ಎಂದಳು ಹೆಂಡತಿ, ಮಡಿಸುತ್ತಿದ್ದ ಬಟ್ಟೆಯಿಂದ ತಲೆ ಎತ್ತದೆ.

ಮೀನಿನ ಹೆಸರು ದೊರೆ. ಹೆಸರಿಟ್ಟವನು ಇವನೇ. ಅವಳಿಗೆ ಅದನ್ನು ಕಂಡರಾಗದು. "ದೊರೆಗಳ ಊಟ ಆಯ್ತಾ?" ಎಂದು ದಿನಾ ಕೊಂಕು. ಇವನೂ ಸುಮ್ಮನಿರುವ ಆಸಾಮಿಯಲ್ಲ. ಮನೆಯನ್ನು ಮಾವ ಮಗಳ ಹೆಸರಿಗೆ ಬರೆದು ಕಣ್ಣು ಮುಚ್ಚಿದ್ದ. ಇಡೀ ಮನೆಯಲ್ಲಿ ನನ್ನದು ಅನ್ನೋದು ಈ ತೊಟ್ಟಿ ಒಂದೇ ಎಂದು ಬಂದವರೆದುರೆಲ್ಲ ಹಲ್ಲು ಕಡಿಯುತ್ತಿದ್ದ. ಆ ಒಂದಕ್ಕೂ ಕಲ್ಲು ಬಿದ್ದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ ಹೇಳಿ?

ಟಾರ್ಚ್ ಹಿಡಿದು ಒಂದೊಂದಾಗಿ ಪರೀಕ್ಷಿಸಿದ. ಮೈಮೇಲೆ ಉಪ್ಪು ಉದುರಿಸಿದಂಥ ಬಿಳಿ ಚುಕ್ಕೆಗಳಿಲ್ಲ. ರೆಕ್ಕೆ ಕೊಳೆತಿಲ್ಲ. ಹೊಟ್ಟೆ ಉಬ್ಬಿಲ್ಲ. ಉಸಿರು ಸಾಲದ ಮೀನು ಕಿವಿರನ್ನು ಪಟಪಟ ಬಡಿಯುತ್ತದೆ. ದೊರೆಯ ಕಿವಿರು ಬಡಿಯಲೋ ಬೇಡವೋ ಎಂಬಂತಿತ್ತು. ನೀರು ಮಾತ್ರ ಮಬ್ಬು, ಮೇಲೆ ತೆಳ್ಳನೆ ಜಿಡ್ಡು. ಹಾಕಿದ ಆಹಾರ ಹೆಚ್ಚಾಗಿ ಕೊಳೆತರೆ ಹೀಗಾಗುವುದುಂಟು. ಆಹಾರ ನಿಲ್ಲಿಸಿದ. ಮಬ್ಬು ಹೋಗಲಿಲ್ಲ.

ಬಕೆಟ್ಟಿಗೆ ಒಳ್ಳೆ ನೀರು ತುಂಬಿಸಿ, ಒಂದು ಹಿಡಿ ಕಲ್ಲುಪ್ಪು ಕರಗಿಸಿ, ಗಾಳಿಯ ಪೈಪು ಇಳಿಸಿ, ಮೀನನ್ನು ಅದರಲ್ಲಿ ಬಿಟ್ಟ. ಮಾರನೆಯ ದಿನ ದೊರೆ ಬಕೆಟ್ಟಿನಲ್ಲಿ ಗಿರಕಿ ಹೊಡೆಯುತ್ತಿತ್ತು. ತೊಟ್ಟಿ ತೊಳೆದು, ಹೊಸ ನೀರು ತುಂಬಿ, ವಾಪಸ್ ಬಿಟ್ಟ. ಬೆಳಗಾಗುವುದರೊಳಗೆ ನೀರು ಮಬ್ಬು, ಮೀನು ಮಗ್ಗುಲು. ಅಲ್ಲಿಗೆ ರೋಗ ಇರುವುದು ಮೀನಿನಲ್ಲಲ್ಲ, ನೀರಿನಲ್ಲಿ. ನೀರಿಗೆ ರೋಗ ತಾನಾಗಿ ಬರುವುದಿಲ್ಲವಲ್ಲ!

ಇನ್ನೊಂದನ್ನೂ ಅವನು ಗಮನಿಸಿದ್ದ. ಊಟವಾದೊಡನೆ ಕೋಣೆ ಸೇರುತ್ತಿದ್ದವಳು ಈಚೆಗೆ ತೊಟ್ಟಿಯ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದಳು. ಮೀನೆಂದರೆ ಮುಖ ಸಿಂಡರಿಸುವವಳಿಗೆ ಅಲ್ಲೇನು ಕೆಲಸ?

"ಮೀನು ಸತ್ರೆ ನಿನ್ನನ್ನ ಸುಮ್ನೆ ಬಿಡಲ್ಲ."

"ಬದುಕಿದ್ರೆ ಬಿಡ್ತೀರಾ?" ಎಂದಳು ಅವಳು.

ಎಂಥ ನಾಲಿಗೆ! ಅವನು ಅಲ್ಲೇ ಭಾವಮೈದನಿಗೆ ಫೋನು ಹಚ್ಚಿದ. "ನಿನ್ನ ಅಕ್ಕನ ಅವತಾರ ಕೇಳು. ಅವಳಿಗೆ ನಿಶ್ಶಕ್ತಿ ಅಂತ ದಿನಾ ನಾನೇ ಬಾದಾಮಿ ಪುಡಿ ಹಾಕಿ ಹಾಲು ಕಾಯಿಸಿ ಕೊಡ್ತೀನಿ. ಎಷ್ಟೇ ಜಗಳ ಆಗ್ಲಿ, ಒಂದಿನ ತಪ್ಪಿಸಿಲ್ಲ. ಅವಳು ನನ್ನ ಮೀನಿಗೆ ವಿಷ ಹಾಕ್ತಾಳೆ!"

"ಏನ್ ಮಾತು ಭಾವ ಇದು? ಮೊದ್ಲು ಸದಾ ತೂಕಡಿಸ್ತಾ ಇದ್ಲು, ಈಗೀಗ ಗೆಲುವಾಗಿದ್ದಾಳೆ. ನಿಮ್ಮ ಹಾಲಿನ ಗುಣವೇ ಇರ್ಬೇಕು."

"ಇರಬಹುದು," ಎಂದ ಅವನು, ಅಷ್ಟೇನೂ ಖುಷಿಯಿಲ್ಲದೆ.

ಭಾನುವಾರ ಬೆಳಿಗ್ಗೆ ದೊರೆ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಅವನು ಎರಡೂ ಕೈಯಲ್ಲಿ ಎತ್ತಿ ಕರವಸ್ತ್ರದ ಮೇಲೆ ಮಲಗಿಸಿದ. ಹೆಂಡತಿ ಮುಂಗೈಯಿಂದ ಕಣ್ಣೊರೆಸಿಕೊಂಡಳು. "ಪಾಪದ್ದು," ಎಂದಳು.

"ಮೊಸಳೆ ಕಣ್ಣೀರು ಹಾಕ್ಬೇಡ!" ಅವನು ಅರಚಿದ. "ಬರಲಿ ನಿನ್ನ ತಮ್ಮ. ಅವನೆದುರೇ ನಿನ್ನ ಮಾನ ಹರಾಜು ಹಾಕ್ತೀನಿ."

ತಮ್ಮ ಬಂದ. ಚಪ್ಪಲಿ ಬಿಡುವ ಮೊದಲೇ ಔಷಧಿ ಅಂಗಡಿಯವನು ಅವನನ್ನು ತೊಟ್ಟಿಯ ಬಳಿಗೆ ಎಳೆದೊಯ್ದ. "ನಾನು ನೀರು ಬದಲಾಯಿಸಿದ್ದಕ್ಕೆ ಗುರುತು ಹೋಯ್ತು ಅಂದ್ಕೊಂಡಿದ್ದಾಳೆ. ನೀರಿಗೆ ಬಿದ್ದದ್ದನ್ನೆಲ್ಲ ಫಿಲ್ಟರಿನ ಸ್ಪಂಜು ಹಿಡಿದಿಟ್ಟಿರುತ್ತೆ. ಕಣ್ಣು ಬಿಟ್ಟು ನೋಡು."

ಸ್ಪಂಜು ಕಿತ್ತು ಪಿಂಗಾಣಿ ತಟ್ಟೆಗೆ ಹಿಂಡಿದ. ಬೆಳ್ಳನೆಯ ನೀರು ಇಳಿಯಿತು. ಗಬ್ಬೆಂದು ಹುಳಿ ವಾಸನೆ. ತಳದಲ್ಲಿ ಸಣ್ಣ ತರಿ ನಿಂತಿತು. ಬೆರಳಲ್ಲಿ ಒತ್ತಿ ತಿಕ್ಕಿ ನೋಡಿದ, ಮೂಗಿಗೆ ಹಿಡಿದ. ಸೋಪಲ್ಲ. ಫಿನಾಯಿಲ್ ಅಲ್ಲ. ಮೀನಿನ ಆಹಾರವೂ ಅಲ್ಲ.

ಬಾದಾಮಿ.

ಸಾಕ್ಷಿ ಸಿಕ್ಕಿತ್ತು. ಕೂಗಿ ಬೀದಿಗೆಲ್ಲ ಕೇಳಿಸಬಹುದಿತ್ತು. ಅವನು ಮಾತ್ರ ಕುಕ್ಕರಗಾಲಲ್ಲಿ ಕೂತಲ್ಲೇ ಕೂತಿದ್ದ. ಹಣೆಯ ಮೇಲೆ ಬೆವರು ಮೂಡಿತ್ತು.

"ಏನು ಭಾವ, ಸಿಕ್ತಾ?"

"ಏ, ಏನಿಲ್ಲ. ವಯಸ್ಸಾಗಿತ್ತು ಅದಕ್ಕೆ." ತಟ್ಟೆ ಎತ್ತಿಕೊಂಡು ಬಚ್ಚಲಿನತ್ತ ಹೊರಟ.

ಹೆಂಡತಿ ಅಡ್ಡ ಬಂದು ತಟ್ಟೆಯ ಅಂಚು ಹಿಡಿದಳು. "ಚೆಲ್ಬೇಡಿ. ಇರ್ಲಿ, ಬೇಕಾಗುತ್ತೆ." ತಟ್ಟೆಯನ್ನು ತಮ್ಮನ ಕೈಗೆ ಕೊಟ್ಟಳು. ಆಮೇಲೆ ಅಡುಗೆಮನೆಯಿಂದ ಹಬೆಯಾಡುವ ಒಂದು ಲೋಟ ತಂದು ಗಂಡನ ಮುಂದಿಟ್ಟಳು.

"ಹಾಲು. ನೀವು ಅಂಗಡಿಯಿಂದ ತಂದಿಟ್ಟ ಡಬ್ಬದ ಪುಡೀನೇ ಹಾಕಿದ್ದೀನಿ, ನನಗೆ ದಿನಾ ಹಾಕ್ತಿದ್ದಷ್ಟೇ. ಇಷ್ಟು ದಿನ ನನ್ನ ಪಾಲಿಂದು ನಿಮ್ಮ ದೊರೆ ಕುಡೀತು. ಇವತ್ತು ನೀವು ಕುಡೀರಿ."

ಔಷಧಿ ಅಂಗಡಿಯವನು ಲೋಟ ಮುಟ್ಟಲಿಲ್ಲ.