ಇಲ್ಲೆ

ಕರೆ ಮಾಡಿದ ಹೆಂಗಸಿನ ದನಿಯಲ್ಲಿ ಗಾಬರಿ ಇರಲಿಲ್ಲ. ಅಂಬಿಕಾಳಿಗೆ ಅನುಮಾನ ಶುರುವಾದದ್ದೇ ಅಲ್ಲಿ. ಹೆಸರು ಜಯಶ್ರೀ, ಊರು ಹೊನ್ನಾವರದ ಹತ್ತಿರ ಕಡತೋಕ, ಮಾವ ಬಿದ್ದಿದ್ದಾರೆ ಎಂದು ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. ಕೋಲಾರದವಳಾದ ಅಂಬಿಕಾ, ಆಂಬುಲೆನ್ಸ್ ಕಾಲ್ ಸೆಂಟರಿಗೆ ಹೊಸಬಳು. ಬೆಳಿಗ್ಗೆಯಷ್ಟೇ ಮುರ್ಡೇಶ್ವರದಿಂದ ಯಾರೋ ತಮಾಷೆಗೆ ಕರೆ ಮಾಡಿ, ಗಾಡಿ ಖಾಲಿ ವಾಪಸಾಗಿ, ಅವಳು ಬೈಸಿಕೊಂಡಿದ್ದಳು.

“ಮಾವ ಎಲ್ಲಿದ್ದಾರೆ? ಉಸಿರಾಡ್ತಾ ಇದ್ದಾರಾ?”

“ಇಲ್ಲೆ.”

“ಇಲ್ಲೇ ಇದ್ರೆ ಫೋನ್ ಅವರಿಗೇ ಕೊಡಿ.”

“ಅವರಿಗೆ ಹೇಗೆ ಕೊಡೂದು? ಇಲ್ಲೆ ಅಂದ್ನಲ್ಲ.”

“ಮನೇಲಿ ಬೇರೆ ಯಾರಿದ್ದಾರೆ?”

“ಯಾರೂ ಇಲ್ಲೆ.”

ಅಂಬಿಕಾಳ ಬೆರಳು ಮೌಸಿನ ಮೇಲೆ ನಿಂತಿತು. ಬಾಣದ ಗುರುತು ಪರದೆಯ ‘ಸುಳ್ಳು ಕರೆ’ ಎಂಬ ಗುಂಡಿಯ ಮೇಲಿತ್ತು. ಒತ್ತುವ ಮೊದಲು ಹೊನ್ನಾವರದ ಗಾಡಿಯ ಚಾಲಕ ದಿನಕರನನ್ನು ಲೈನಿಗೆ ತೆಗೆದುಕೊಂಡಳು. “ಅಣ್ಣ, ಕಡತೋಕದಿಂದ ಕರೆ, ಇದೂ ತಮಾಷೆ ಇರಬೇಕು. ಉಸಿರಾಡ್ತಿದ್ದಾರಾ ಅಂದ್ರೆ ಇಲ್ಲೇ, ಇಲ್ಲೇ ಅಂತಾರೆ.”

“ಎಂತ ಊರು? ಕಡತೋಕವಾ?” ಗಾಡಿ ಸ್ಟಾರ್ಟ್ ಆದ ಸದ್ದು ಕೇಳಿಸಿತು. “ಮೇಡಂ, ಅವ್ರ ಮನೆ ಮಾತಲ್ಲಿ ಇಲ್ಲೆ ಅಂದ್ರೆ ಇಲ್ಲ ಅಂತ. ಉಸ್ರು ಇಲ್ಲ ಅಂತಿದ್ದಾರೆ ಅವ್ರು. ಎದೆ ಒತ್ತೂಕೆ ಹೇಳಿ, ನಾ ಹೊರಟೆ.”

ಅಂಬಿಕಾ ಮೌಸಿನಿಂದ ಕೈ ತೆಗೆದಳು. “ಜಯಶ್ರೀ ಅವರೇ, ಎರಡೂ ಕೈ ಅವರ ಎದೆ ಮಧ್ಯಕ್ಕೆ ಇಡಿ. ಜೋರಾಗಿ ಒತ್ತಿ, ನಿಲ್ಲಿಸಬೇಡಿ.”

“ಆತು,” ಎಂದಳು ಜಯಶ್ರೀ, ಅದೇ ದನಿಯಲ್ಲಿ.

ಕರೆ ಬಂದು ಆಗಲೇ ಮೂರು ನಿಮಿಷ ಹೋಗಿತ್ತು.