ಬ್ರಷ್ ತೊಳೆದ ನೀರು

ಬೆಚ್ಚನೆಯ ನೊರೆ ತುಂಬಿದ ಬ್ರಷ್ಷು ಗಲ್ಲಕ್ಕೆ ತಾಗಿದ್ದೇ ತಡ, ಬೋರಪ್ಪ ಬೆಳಗಿನಿಂದ ಕಟ್ಟಿಕೊಂಡು ಬಂದಿದ್ದ ಸಿಟ್ಟೆಲ್ಲ ಎಲ್ಲಿಗೋ ಜಾರಿಹೋಯಿತು. ತಾಳ್ಯದಾಚೆಯ ಹಳ್ಳಿಯಿಂದ ಹೊಳಲ್ಕೆರೆಗೆ ಬರುವ ಬಸ್ಸಿನಲ್ಲಿ ಅವನು ಜಗಳವನ್ನು ಬಾಯಿಪಾಠ ಮಾಡಿಕೊಂಡಿದ್ದ. 'ಯಾವೂರು, ಯಾರ ಪೈಕಿ' ಎಂದು ಕ್ಷೌರದಂಗಡಿಯವನು ಕೇಳಿದರೆ ಹೀಗನ್ನಬೇಕು, ಏಳು ಅಂದರೆ ಏಳಬಾರದು, ಕೈ ಹಿಡಿದು ಎಬ್ಬಿಸಿದರೆ ಗೋಡೆಯ ಕನ್ನಡಿ ಉಳಿಸಬಾರದು. ಆದರೆ ಅಂಗಡಿಯ ಮುದುಕ ತಿಪ್ಪಯ್ಯ ಕೇಳಿದ್ದು ಒಂದೇ ಮಾತು: "ಮೀಸೆ ಇರ್ಲೋ ತೆಗೀಲೋ, ತಮ್ಮ?"

ಊರಿನಲ್ಲಿ ಅವರ ಕೇರಿಯವರ ಮುಖಕ್ಕೆ ಕ್ಷೌರದವನು ಕೈ ಹಚ್ಚುವುದಿಲ್ಲ. ಸೋದರಮಾವ ನಾಗಣ್ಣನೇ ಬಟ್ಟೆ ಸೋಪನ್ನು ಬೆರಳಲ್ಲಿ ತಿಕ್ಕಿ, ಮೊಂಡು ಬ್ಲೇಡಿನಲ್ಲಿ ಕೆರೆಯುತ್ತಿದ್ದ. ಮುಗಿಯುವಷ್ಟರಲ್ಲಿ ಕಣ್ಣಲ್ಲಿ ನೀರು, ಗದ್ದದಲ್ಲಿ ರಕ್ತ. ನಾಳೆ ಹೊಸದುರ್ಗದ ಕಡೆಗೆ ಹೆಣ್ಣು ನೋಡಲು ಹೋಗಬೇಕು, ಅದಕ್ಕೇ ಈ ಸಾಹಸ. ಇಪ್ಪತ್ತೆರಡು ವರ್ಷದ ಮುಖಕ್ಕೆ ಬ್ರಷ್ಷೆಂಬುದು ಸೋಕಿದ್ದು ಇದೇ ಮೊದಲು.

ಬ್ರಷ್ಷು ಸುತ್ತಿತು, ಸುತ್ತುತ್ತಲೇ ಇತ್ತು. ಆಗಷ್ಟೇ ಹುಟ್ಟಿದ ಕುರಿಮರಿ ಮೂತಿ ತಂದು ತಿಕ್ಕಿದ ಹಾಗೆ. ಬೋರಪ್ಪನ ಕಣ್ಣು ಮುಚ್ಚಿತು. ಅವ್ವ ಉಚ್ಚಂಗಮ್ಮ ಸೆರಗಿನ ತುದಿ ಒದ್ದೆ ಮಾಡಿ ಅವನ ಮುಖ ಒರೆಸುತ್ತಿದ್ದಳು. ಎಳ್ಳಿನ ಹೊಲದ ಮೇಲೆ ಬಿಳಿ ಮೋಡವೊಂದು ಇಳಿದಿತ್ತು. ಅದರೊಳಗೆ ಅವನು ಕಾಲು ನೆಲಕ್ಕೆ ತಾಗದಂತೆ ನಡೆಯುತ್ತಿದ್ದ. ಎದುರು ಸಿಕ್ಕವರನ್ನು ಕಂಡು ಅವನು ದಾರಿ ಬಿಟ್ಟು ಸರಿಯಲಿಲ್ಲ. 'ಆಚೆ ಸರಿ' ಎಂದು ಯಾರೂ ಅನ್ನಲೂ ಇಲ್ಲ. ಮೋಡದ ಕೊನೆಗೆ ಮುಖ ಕಾಣದ ಒಂದು ಹುಡುಗಿ ನಿಂತಿದ್ದಳು. ಬೊಗಸೆಗೆ ನೀರು ಹುಯ್ಯಲಿಲ್ಲ, ತಣ್ಣನೆಯ ಬಿಂದಿಗೆಯನ್ನೇ ಅವನ ಕೈಗೆ ಕೊಟ್ಟಳು.

"ಆತು, ಏಳಪ್ಪ."

ಕಣ್ಣು ಬಿಟ್ಟರೆ ಕನ್ನಡಿಯಲ್ಲಿ ಎರಡು ಮುಖ. ಒಂದು ನುಣ್ಣಗಾದ ತನ್ನದು. ಇನ್ನೊಂದು, ಹಿಂದೆ ಕುಟುಂಬ ಯೋಜನೆಯ ಕ್ಯಾಲೆಂಡರಿನ ಕೆಳಗೆ ಬೆಂಚಿನ ಮೇಲೆ ಕೂತಿದ್ದ, ಅವನದೇ ಊರಿನ ಸಿದ್ರಾಮಗೌಡನದು. ಗೌಡ ಯಾವಾಗ ಬಂದನೋ. ಅವನ ಕಣ್ಣು ಬೋರಪ್ಪನ ಮೇಲಿರಲಿಲ್ಲ, ಬ್ರಷ್ಷಿನ ಮೇಲಿತ್ತು.

"ತಿಪ್ಪಯ್ಯ, ಬ್ಯಾರೆ ಬ್ರಷ್ ಐತಾ?"

"ಇರಾದು ಇದೊಂದೇ ಗೌಡ್ರೆ."

"ಹಂಗಾದ್ರೆ ಚೆಂದಾಗಿ ತೊಳಿ. ಇವ್ನು ಯಾರ ಪೈಕಿ ಅಂತ ನಿಂಗೊತ್ತಿಲ್ಲ, ನಂಗೊತ್ತು."

ತಿಪ್ಪಯ್ಯ ಬ್ರಷ್ಷನ್ನು ಉಗುರುಬೆಚ್ಚನೆಯ ನೀರಿನ ಬಟ್ಟಲಲ್ಲಿ ಅದ್ದಿ, ಕೂಸಿನ ತಲೆ ತೊಳೆಯುವವನಂತೆ ಮೆಲ್ಲಗೆ ತಿರುಗಿಸಿದ. ಕೂದಲ ಬುಡವನ್ನು ಹೆಬ್ಬೆರಳಲ್ಲಿ ಒತ್ತಿದ. ನೊರೆ ಹಾಲಿನಂತೆ ಬಿಟ್ಟುಕೊಂಡಿತು. ಆ ನೀರು ಚೆಲ್ಲಿ ಇನ್ನೊಂದು ನೀರು ಹಾಕಿಕೊಂಡ. ಅದನ್ನು ನೋಡುತ್ತಾ ನೋಡುತ್ತಾ ಬೋರಪ್ಪನ ಒಳಗೆ ಬೂದಿ ಮುಚ್ಚಿದ್ದ ಕೆಂಡ ಭಗ್ಗೆಂದಿತು.

"ಯಾಕ್ ತೊಳಿತೀಯ?"

"ಇದೊಳ್ಳೆ ಕತೆ ಆತಲ್ಲ! ಹಂದಿ ಕೂದ್ಲಪ್ಪ ಇದು. ಸೋಪು ಬುಡದಾಗೆ ಒಣಗಿ ಕುಂತ್ರೆ ಮುರಿದು ಉದುರ್ತೈತೆ. ಯಾರದೇ ಆಗ್ಲಿ, ಆದ್ಮೇಲೆ ತೊಳಿತೀನಿ."

"ನನಗಿಂತ ಮುಂಚೆ ಮಾಡಿಸ್ಕಂಡು ಹೋದ್ನಲ್ಲ, ಅವ್ನದೂ ತೊಳಿದ್ಯಾ?"

"ತೊಳಿದೆ. ನೀನು ಕುಸ್ತಿಗೆ ಬಂದೋನಂಗೆ ಬಾಗ್ಲಾಗೆ ನಿಂತು ಬೀದಿ ನೋಡ್ತಿದ್ದೆ."

"ನಾ ಕಾಣ್ಲಿಲ್ಲ. ಈಗ ಗೌಡ್ರದು ತೊಳಿಯಾದು ನೋಡ್ಕಂಡೇ ಹೋಗ್ತೀನಿ."

ಗೌಡ ಕಿಸಕ್ಕೆಂದ. "ಕುಂತ್ಕಳ್ಲಾ, ಕುಂತ್ಕ. ನಿನಗೋಸ್ಕರ ನಿಲ್ಲಾಕೆ ಬಸ್ಸು ನಿಮ್ಮಪ್ಪಂದಾ?"

ಗೌಡ ಕುರ್ಚಿ ಏರಿದ, ಬೋರಪ್ಪ ಬೆಂಚಿನ ತುದಿಗೆ ಕೂತ. ಅದೇ ಬ್ರಷ್ಷು ಗೌಡನ ಗಲ್ಲದ ಮೇಲೆ ಸುತ್ತತೊಡಗಿತು. ಒಂದು ಸುತ್ತಿಗೆ ಗೌಡನ ಹುಬ್ಬಿನ ಗಂಟು ಬಿಚ್ಚಿತು, ಮೂರನೆಯದಕ್ಕೆ ರೆಪ್ಪೆ ಮುಚ್ಚಿತು. ಅವನೂ ಯಾವುದೋ ಮೋಡದೊಳಗೆ ಹೊರಟುಹೋದ. ಬೋರಪ್ಪ ಮಾತ್ರ ರೆಪ್ಪೆ ಬಡಿಯದೆ ತಿಪ್ಪಯ್ಯನ ಕೈಯನ್ನೇ ನೋಡುತ್ತಿದ್ದ. ಹೊರಗೆ ಊರಿಗೆ ಹೋಗುವ ಬಸ್ಸು ಹಾರನ್ ಮಾಡಿತು. ಇನ್ನೊಂದು ಸಲ ಮಾಡಿತು. ಹೊರಟಿತು. ಅವನು ಕದಲಲಿಲ್ಲ.

ಕೊನೆಗೆ ತಿಪ್ಪಯ್ಯ ಕತ್ತಿ ಒರೆಸಿಟ್ಟ. ಬ್ರಷ್ಷು ಬಟ್ಟಲಿಗೆ ಇಳಿಯಿತು. ಒಂದು ನೀರು. ಎರಡು ನೀರು. ಅದೇ ಹೆಬ್ಬೆರಳು, ಅದೇ ಒತ್ತು. ಕೊಡವಿ, ಹಿಡಿಗೆ ಕಟ್ಟಿದ್ದ ದಾರದಿಂದ, ಕೂದಲು ಕೆಳಗಾಗಿ, ಮೊಳೆಗೆ ತೂಗುಹಾಕಿದ.

ಕಣ್ಣು ಬಿಟ್ಟಿದ್ದ ಗೌಡ ಅದನ್ನೆಲ್ಲ ಕನ್ನಡಿಯಲ್ಲಿ ಕಂಡ. ಮುಖ ಕೆಂಪಾಯಿತು.

"ಏನಲೇ ತಿಪ್ಪ, ನಂದೂ ತೊಳಿತೀಯಾ?"

"ಅಂಗಡಿ ಇಟ್ಟಾಗಿಂದ ತೊಳಿತಾ ಇದೀನಿ ಗೌಡ್ರೆ. ನೀವು ನೋಡಿದ್ದು ಇವತ್ತು." ತಿಪ್ಪಯ್ಯ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಬೆಂಚಿನ ಕಡೆ ತಿರುಗಿದ. "ಏನಪ್ಪ, ಸಮಾಧಾನ ಆತಾ?"

ಬೋರಪ್ಪ ಎದ್ದು ನಿಂತು ತನ್ನ ಗಲ್ಲ ಸವರಿಕೊಂಡ.

"ನಿನ್ ಕೈ ನ್ಯಾಯದ್ದೇ ಐತಣ್ಣ," ಎಂದ. "ಆದ್ರೆ ಗೌಡ್ರು ಇಷ್ಟು ವರ್ಷ ಕಣ್ಣು ಮುಚ್ಕಂಡೇ ಮಾಡಿಸ್ಕಂಡ್ರು. ನಾನು ಇನ್ಮ್ಯಾಲೆ ಮುಚ್ಚಂಗಿಲ್ಲ ನೋಡು."